ಅಪ್ಪನ ಬಾಜುವಿನ ಜಾಗ

2019ರ ಏಪ್ರಿಲ್ 20, ಶನಿವಾರ, ಈಸ್ಟರಿನ ಹಿಂದಿನ ದಿನ, ಅಣ್ಣಿಗೇರಿ ತಾಲೂಕಿನ ನಮ್ಮೂರ ಕ್ರೈಸ್ತರ ಸ್ಮಶಾನದಲ್ಲಿ ಅಪ್ಪ ಒಂದು ಅರ್ಜಿಯನ್ನು ತನ್ನ ತಮ್ಮನ ಮುಂದೆ ಹಿಡಿದ. ಕಾಕಾ ಅದನ್ನು ಪೂರ್ತಿ ಓದಿ, ಸಹಿ ಹಾಕದೆ ವಾಪಸು ಕೊಟ್ಟ.

ಅರ್ಜಿ ನಮ್ಮ ಸಭೆಯ, ಅಂದರೆ ಚರ್ಚಿನ, ಸಮಿತಿಗೆ ಬರೆದದ್ದು. ಅವ್ವನ ಗೋರಿಯ ಆಚೆ ಆ ಸಾಲಿನಲ್ಲಿ ಇನ್ನು ಎರಡೇ ಜಾಗ ಉಳಿದಿದ್ದವು. ಒಂದು ಅಪ್ಪನಿಗೆಂದು ಮೊದಲೇ ನಿಗದಿಯಾಗಿತ್ತು. ಇನ್ನೊಂದನ್ನು ‘ನನ್ನ ತಮ್ಮನ ಹೆಸರಿಗೆ, ಹೂಳಲು’ ಬಿಡಬೇಕೆಂದು ಅಪ್ಪ ವಿನಂತಿಸಿದ್ದ; ಅದಕ್ಕೆ ತಮ್ಮನ ಸಹಿಯೂ ಬೇಕಿತ್ತು. ಹಾಗೆ ಕಾಯ್ದಿರಿಸದಿದ್ದರೆ ಊರಲ್ಲಿ ಮುಂದೆ ಯಾರು ತೀರಿಕೊಳ್ಳುತ್ತಾರೋ ಆ ಜಾಗ ಅವರಿಗೆ ಹೋಗುತ್ತಿತ್ತು. ಕಾಕಾ ಮದುವೆಯಾಗಿರಲಿಲ್ಲ. ಅವನು ಎಲ್ಲೋ ಒಬ್ಬನೇ ಮಲಗುವುದು ಅಪ್ಪನಿಗೆ ಬೇಡವಾಗಿತ್ತು.

“ಏನಣ್ಣಾ, ನನ್ನ ಸಾವು ನೀನ ಬರಕೊಂಡು ಬಂದೀಯಲ್ಲ,” ಎಂದ ಕಾಕಾ.

“ಎಲ್ಲಾರೂ ಒಂದಿನ ಹೋಗೂದ ಐತೆಲ್ಲೋ.”

“ಎಲ್ಲಾರೂ ಅಲ್ಲ. ಕರ್ತ ಬರೂ ಹೊತ್ತಿಗೆ ಜೀವಂತ ಇದ್ದವರು ಸಾಯೂದಿಲ್ಲ. ನಾ ಆ ಪಾಳೇದಾಗ ನಿಂತಾಂವ. ಇದಕ್ಕ ಸಹಿ ಮಾಡಿದ್ರ ನಂಬಿಕಿ ಬಿಟ್ಟಂಗ.”

ಮೂರು ದಿನಕ್ಕೆ ಲೋಕಸಭೆ ಚುನಾವಣೆಯ ಮತದಾನವಿತ್ತು. ಆ ಗಡಿಬಿಡಿಯಲ್ಲೂ ಹುಬ್ಬಳ್ಳಿಯ ಪತ್ರಿಕಾ ಕಚೇರಿಯಿಂದ ಅರ್ಧ ದಿನದ ರಜೆ ಕೇಳಿ ಮಗಳಾದ ನಾನು ಊರಿಗೆ ಬಂದಿದ್ದೆ. ಈಸ್ಟರಿನ ದಿನ ಸೂರ್ಯ ಹುಟ್ಟುವ ಮೊದಲು ಸ್ಮಶಾನದಲ್ಲೇ ಆರಾಧನೆ ನಡೆಯುತ್ತದೆ. ಅದಕ್ಕಾಗಿ ಹಿಂದಿನ ದಿನ ಮನೆಮನೆಯವರು ತಮ್ಮವರ ಗೋರಿಗಳನ್ನು ಹಸನು ಮಾಡಿ ಸುಣ್ಣ ಬಳಿಯುತ್ತಾರೆ. ನಮ್ಮದು ಎರೆಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಮೊಣಕೈ ಇಳಿಯುವಷ್ಟು ಬಿರಿಯುತ್ತದೆ. ನೆಟ್ಟಗೆ ನಿಲ್ಲಿಸಿದ ಕಲ್ಲು ವರ್ಷ ತುಂಬುವುದರೊಳಗೆ ವಾಲಿರುತ್ತದೆ. ಬಿರುಕಿಗೆ ಗರಸು, ಅಂದರೆ ಜಲ್ಲಿಮಣ್ಣು, ತುಂಬಿ ಕಲ್ಲು ಸರಿಮಾಡುವುದು ಅಣ್ಣತಮ್ಮಂದಿರ ಕೆಲಸ. ಕಾಕಾ ನಮ್ಮ ಹಳೆಯ ಸಭೆಯನ್ನು ಬಿಟ್ಟು ರೈಲ್ವೆ ಗೇಟಿನ ಹತ್ತಿರದ ಪ್ರಾರ್ಥನಾ ಮಂದಿರಕ್ಕೆ ಸೇರಿ ಎಷ್ಟೋ ವರ್ಷಗಳಾಗಿದ್ದರೂ ಈ ಶನಿವಾರವನ್ನು ಮಾತ್ರ ಬಿಟ್ಟಿರಲಿಲ್ಲ.

ಅವರ ಜಗಳವನ್ನು ಕೇಳುತ್ತಲೇ ನಾನು ಬೆಳೆದೆ. ಕಾಕಾನ ಮಂದಿರದಲ್ಲಿ ಕಲಿಸಿದ್ದು ಹೀಗೆ: ಒಂದು ದಿನ ನಂಬಿದವರು ಮಾತ್ರ ಇದ್ದಕ್ಕಿದ್ದಂತೆ ಮೇಲಕ್ಕೆ ಎತ್ತಲ್ಪಡುತ್ತಾರೆ, ಉಳಿದವರಿಗೆ ಏಳು ವರ್ಷ ಮಹಾಸಂಕಟ, ಆಮೇಲೆ ಯೇಸುಸ್ವಾಮಿ ಇಳಿದುಬಂದು ಇದೇ ಭೂಮಿಯ ಮೇಲೆ ಸಾವಿರ ವರ್ಷ ಆಳುತ್ತಾನೆ. ಅಪ್ಪನ ಸಭೆಯಲ್ಲಿ ಕಲಿಸಿದ್ದು ಬೇರೆ. ಕೊನೆಯ ದಿನ ಒಂದೇ. ಅಂದು ಎಲ್ಲರೂ ಏಳುತ್ತಾರೆ, ಎಲ್ಲರಿಗೂ ನ್ಯಾಯತೀರ್ಪು. ಸಾವಿರ ವರ್ಷ ಎಂಬುದು ಹೋಲಿಕೆಯ ಮಾತು, ಅದನ್ನು ಎಣಿಸಬಾರದು. ಇಬ್ಬರೂ ಸತ್ಯವೇದದ ಅದೇ ಅಧ್ಯಾಯಗಳನ್ನು ತೆರೆದು ಕೂರುತ್ತಿದ್ದರು.

ಅಪ್ಪ ನಿವೃತ್ತ ಬಸ್ ಕಂಡಕ್ಟರ್. “ನಿಂದು ಎರಡು ಬಸ್ಸಿನ ವ್ಯವಹಾರಲೇ ತಮ್ಮಾ,” ಎನ್ನುತ್ತಿದ್ದ. “ಮೊದಲ ಗಾಡಿಗೆ ನಿಮ್ಮ ಮಂದಿ, ಹಿಂದಿನ ಗಾಡಿಗೆ ನಮ್ಮಂಥವರು. ನಂದು ಒಂದ ಗಾಡಿ. ಎಲ್ಲಾರೂ ಕೂಡಿ ಹೋಗೂಣು.”

“ನಿನ್ನ ಗಾಡಿ ಯಾವಾಗ ಟೈಮಿಗೆ ಬಂದೈತಿ ಹೇಳು,” ಎಂದು ಕಾಕಾ.

ಅವ್ವ ಇದ್ದಾಗ ಒಳಗಿನಿಂದ ಕೂಗುತ್ತಿದ್ದಳು: “ಸ್ವಾಮಿ ಬಂದರೂ ನಿಮ್ಮ ವಾದ ಮುಗಿಯೂತನಾ ಹೊಸ್ತಿಲದಾಗ ನಿಂದ್ರಬೇಕು ನೋಡ್ರಿ. ರೊಟ್ಟಿ ಆರಾಕತ್ತಾವು, ಬರ್ರಿ.”

ಆ ಶನಿವಾರ ಮಾತ್ರ ರೊಟ್ಟಿಗೆ ಕರೆಯುವವರು ಇರಲಿಲ್ಲ. ಅಪ್ಪ ಅರ್ಜಿಯನ್ನು ಮಡಚಿ ತನ್ನ ಹಳೆಯ ಕಂಡಕ್ಟರ್ ಚೀಲದಲ್ಲಿಟ್ಟುಕೊಂಡ. ಕಾಕಾ ಸುಣ್ಣದ ಬಕೆಟ್ ಎತ್ತಿಕೊಂಡು ಅವ್ವನ ಗೋರಿಯ ಕಡೆ ಹೋದ.

ಮುಂದಿನ ವರ್ಷದ ಈಸ್ಟರ್ ಲಾಕ್‌ಡೌನಿನಲ್ಲಿ ಬಂತು. ಸ್ಮಶಾನದ ಆರಾಧನೆ ನಡೆಯಲಿಲ್ಲ. ಕಾಕಾ ತನ್ನ ಕೋಣೆಗೆ ಬೀಗ ಹಾಕಿ ಅಪ್ಪನ ಮನೆಗೆ ಬಂದಿದ್ದ. ನಾನು ಫೋನ್ ಮಾಡಿದಾಗಲೆಲ್ಲ ಇಬ್ಬರ ದನಿಯೂ ಕೇಳುತ್ತಿತ್ತು. ಇದು ಅಂತ್ಯಕಾಲದ ಗುರುತು ಎಂದು ಕಾಕಾ. ಊರಿಗೆ ಪ್ಲೇಗು ಬಂದಾಗ ನಮ್ಮ ಮುತ್ತ್ಯಾನೂ ಹಿಂಗ ಅಂದಿದ್ನಂತ ಎಂದು ಅಪ್ಪ. ಲಾಕ್‌ಡೌನ್ ತೆರವಾದ ಮೇಲೂ ಕಾಕಾ ತನ್ನ ಕೋಣೆಗೆ ಹೋಗಲಿಲ್ಲ. ಅರ್ಜಿಯ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ.

2022ರ ನವೆಂಬರಿನಲ್ಲಿ ಒಂದು ಬೆಳಿಗ್ಗೆ ಅಪ್ಪ ತೀರಿಕೊಂಡ. ಮೊದಲ ಬಸ್ಸಿನ ಡ್ಯೂಟಿ ಮಾಡಿದ ಅವನಿಗೆ ನಾಲ್ಕಕ್ಕೆ ಏಳುವ ರೂಢಿ. ಅಂದು ಬೆಳಕು ಹರಿದರೂ ಏಳದಿದ್ದಾಗ ಕಾಕಾ ಹೋಗಿ ನೋಡಿದ್ದ.

ಕಾಕಾ ಬಡಿಗ. ಬಾಗಿಲು, ಚೌಕಟ್ಟು, ಮಂಚದ ಜೊತೆಗೆ ಊರ ಕ್ರೈಸ್ತರಿಗೆ ಬೇಕಾಗುವ ಶವದ ಪೆಟ್ಟಿಗೆಗಳನ್ನೂ ಅವನೇ ಮಾಡುತ್ತಿದ್ದ. ಅಂಥದೊಂದು ತನಗೆ ಬೇಕಾಗುತ್ತದೆ ಎಂದು ಮಾತ್ರ ನಂಬಿರಲಿಲ್ಲ. ನಾನು ಹುಬ್ಬಳ್ಳಿಯಿಂದ ಬಂದು ತಲುಪಿದಾಗ ಅಂಗಳದಲ್ಲಿ ಮಾವಿನ ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದ. ಅಳತೆ ತೆಗೆದುಕೊಂಡೆಯಾ ಎಂದು ಕೇಳಿದೆ.

“ಅಳತಿ ಯಾಕಬೇ ಯವ್ವಾ. ಅಂವನ ಅಂಗಿ ಹಾಕ್ಕೊಂಡ ಬೆಳೆದಾಂವ ನಾ.”

ಅಪ್ಪನನ್ನು ಅವ್ವನ ಮಗ್ಗುಲಿಗೆ ಇಟ್ಟೆವು. ಕಾಲು ಪೂರ್ವಕ್ಕೆ, ಎದ್ದರೆ ಮುಖ ಸೂರ್ಯನ ಕಡೆ ಇರಬೇಕೆಂದು ನಮ್ಮಲ್ಲಿ ಎಲ್ಲರನ್ನೂ ಹಾಗೆಯೇ ಮಲಗಿಸುತ್ತಾರೆ. ಮಣ್ಣು ಮುಗಿದ ಮೇಲೆ ಸಮಿತಿಯ ಕಾರ್ಯದರ್ಶಿ ನನ್ನನ್ನು ಬದಿಗೆ ಕರೆದರು. ಅವರು ನಿವೃತ್ತ ಶಾಲಾ ಮಾಸ್ತರರು. ಸಭೆಯಲ್ಲಿ ಒಬ್ಬ ಮುದುಕಿ ಹಾಸಿಗೆ ಹಿಡಿದಿದ್ದಾರೆ, ಅವರ ಮನೆಯವರು ಈ ಕೊನೆಯ ಜಾಗ ಕೇಳಿದ್ದಾರೆ ಎಂದರು. “ನಿಮ್ಮ ಅಪ್ಪಾರ ಮನಸಿನಾಗ ಏನಿತ್ತು ಅಂತ ನನಗ ಗೊತ್ತೈತ್ರಿ. ಆದ್ರ ಸಹಿ ಇಲ್ಲ. ಮ್ಯಾಲೆ ನಿಮ್ಮ ಕಾಕಾ ನಮ್ಮ ಸಭಾ ಬಿಟ್ಟಾರ. ಬಿಟ್ಟವರನ್ನ ಇಲ್ಲಿ ಹುಗಿಯಾಕ ನಿಯಮ ಇಲ್ಲ. ಈಸ್ಟರ್ ಮಟಾ ತಡೀತೇನ್ರಿ.”

ಕಾಕಾನಿಗೆ ಇದನ್ನು ಹೇಳಿದೆ. ಅವನು ಸಲಿಕೆ ಎತ್ತಿಕೊಂಡು ಅಪ್ಪನ ಗೋರಿಯ ಮಣ್ಣು ತಟ್ಟತೊಡಗಿದ.

2023ರ ಈಸ್ಟರಿನ ಹಿಂದಿನ ಶನಿವಾರ ನಾನು ಸ್ಮಶಾನಕ್ಕೆ ಹೋದಾಗ ಅಪ್ಪನ ಬಾಜುವಿನ ಜಾಗಕ್ಕೆ ಯಾರೋ ಸುಣ್ಣದ ಗೆರೆ ಎಳೆದು ಗುರುತು ಮಾಡಿದ್ದರು. ಅಪ್ಪನ ಕಲ್ಲು ಆಗಲೇ ಎಡಕ್ಕೆ ವಾಲಿತ್ತು. ಕಾಕಾ ಅದನ್ನು ಒಬ್ಬನೇ ಎತ್ತಲು ನೋಡಿದ, ಆಗಲಿಲ್ಲ. ನಾನು ಕೈ ಹಚ್ಚಿದೆ. ಬಿರುಕಿಗೆ ಗರಸು ತುಂಬಿ ಮುಗಿಸಿದ ಮೇಲೆ ಅವನು ಸುಣ್ಣದ ಗೆರೆಯ ಒಳಗೆ ಹೋಗಿ, ಪೂರ್ವಕ್ಕೆ ಮುಖ ಮಾಡಿ, ಸ್ವಲ್ಪ ಹೊತ್ತು ನಿಂತ.

“ನಿಮ್ಮಪ್ಪ ಕೊಟ್ಟಿದ್ದ ಕಾಗದ ಐತೇನು?”

ಇತ್ತು. ಅಪ್ಪನ ಚೀಲದಲ್ಲಿ, ಮಡಿಕೆ ಹಾಗೇ ಇತ್ತು. ನಾನು ಮನೆಗೆ ಹೋಗಿ ತಂದೆ.

“ಸತ್ತವರು ಮೊದಲ ಏಳ್ತಾರ, ಆಮ್ಯಾಲೆ ನಾವು ಜೀವಂತ ಇದ್ದವರು,” ಎಂದ ಕಾಕಾ. “ಇದನ್ನ ನಮ್ಮ ಪಾಸ್ಟರೂ ಹೇಳ್ತಾರ, ನಿಮ್ಮ ಸಭಾದ ಅಯ್ಯನವರೂ ಹೇಳ್ತಾರ. ಇದರಾಗ ಜಗಳಿಲ್ಲ. ಅಂದ್ರ ನಿಮ್ಮಪ್ಪ ಅವತ್ತೂ ನನಗಿಂತ ಮೊದಲ ಏಳ್ತಾನ. ನಾಲ್ಕಕ್ಕ ಎದ್ದು ನನ್ನ ಮುಖಕ್ಕ ನೀರು ಹೊಡೆದಾಂವ, ಬಿಟ್ಟಾನ? ಎದ್ದ ಕೂಡಲೆ ಬಾಜು ನೋಡ್ತಾನ. ಅಲ್ಲಿ ಆ ಮುದುಕಿ ಇದ್ರ?”

“ಹಂಗಾರ ಸಹಿ ಮಾಡ್ತೀ?”

“ಹೂಳಾಕ ಮಾಡೂದಿಲ್ಲ.”

ನನ್ನ ಪೆನ್ನು ಇಸಿದುಕೊಂಡು, ಅಪ್ಪ ಬರೆದಿದ್ದ ‘ಹೂಳಲು’ ಎಂಬ ಮಾತನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿದ. ಅದರ ಮೇಲೆ ‘ನಿಲ್ಲಲು’ ಎಂದು ಬರೆದ. ಕೆಳಗೆ ಸಹಿ ಮಾಡಿದ.

ಅಲ್ಲೇ ತಮ್ಮವರ ಗೋರಿಗೆ ಸುಣ್ಣ ಬಳಿಯುತ್ತಿದ್ದ ಕಾರ್ಯದರ್ಶಿ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು. “ಇದೇನ್ರಿ ಬಡಿಗೇರ?”

“ಬರದದ್ದ ಐತೆಲ್ರಿ ಮಾಸ್ತರ. ನನ್ನ ಹುಗೀರಿ ಅಂತ ನಾ ಕೇಳಿಲ್ಲ. ನಿಮ್ಮ ನಿಯಮ ಮುರಿಯೂದಿಲ್ಲ.”

“ನಿಂದ್ರೂದರ ಬಗ್ಗೆ ನಿಯಮದಾಗ ಏನೂ ಇಲ್ಲ, ಖರೆ,” ಎಂದರು ಮಾಸ್ತರರು. ಅವರು ನಗಲಿಲ್ಲ. “ಮತ್ತ ಸ್ವಾಮಿ ಬರೂದು ತಡ ಆದ್ರ?”

ಕಾಕಾ ಸುಣ್ಣದ ಕುಂಚ ತೊಳೆಯುತ್ತಿದ್ದ. “ತಡ ಆದ್ರ ನಾ ಎಲ್ಲಿ ಇರತೇನಿ ಅಂತ ಅಣ್ಣಗ ಗೊತ್ತೈತಿ,” ಎಂದ.

ಸಮಿತಿ ಮುಂದಿನ ತಿಂಗಳು ಸೇರಿತು. ಅರ್ಜಿಯ ಮೇಲೆ ಇಬ್ಬರು ಆಕ್ಷೇಪ ಎತ್ತಿದರೆಂದೂ, ಹಾಸಿಗೆ ಹಿಡಿದಿದ್ದ ಮುದುಕಿಯೇ ಮಗನ ಕೈಲಿ, ತನಗೆ ಬೇವಿನ ಗಿಡದ ಕಡೆಯ ಹೊಸ ಸಾಲೇ ಸಾಕು, ಅಲ್ಲಿ ನೆರಳಿದೆ ಎಂದು ಹೇಳಿ ಕಳಿಸಿದರೆಂದೂ ಮಾಸ್ತರರು ನನಗೆ ಆಮೇಲೆ ತಿಳಿಸಿದರು. ನಡಾವಳಿ ಪುಸ್ತಕದಲ್ಲಿ ಆ ಜಾಗದ ಮುಂದೆ ಕಾಕಾನ ಹೆಸರಿದೆ. ಉದ್ದೇಶ ಎಂಬಲ್ಲಿ ‘ನಿಲ್ಲಲು’ ಎಂದು ಬರೆದು ಅಧ್ಯಕ್ಷರು ಸಹಿ ಮಾಡಿದ್ದಾರೆ.

ಈ ವರ್ಷದ ಶನಿವಾರವೂ ಕಾಕಾ ಬಂದ. ಕಲ್ಲು ಬಲಕ್ಕೆ ವಾಲಿತ್ತು. ಇಬ್ಬರೂ ಸೇರಿ ನೆಟ್ಟಗೆ ಮಾಡಿದೆವು. ಬಾಜುವಿನ ಜಾಗದ ಬಿರುಕಿಗೆ ಅವನು ಎರಡು ಬುಟ್ಟಿ ಗರಸು ಸುರಿದು, ಕಾಲಿನಿಂದ ತುಳಿದು ಗಟ್ಟಿ ಮಾಡಿದ.