ಜ್ವರಕ್ಕೆ ಕೂತ ಕೋಳಿಮರಿಗಳು

ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವಿನ ಊರುಗಳಲ್ಲಿ ಕೊಂಡಮ್ಮನ ಹಾಗೆ ರೇಷ್ಮೆಹುಳ ಸಾಕುವವರು ಇರಲಿಲ್ಲ. ಇದನ್ನು ಮೊದಲು ಹೇಳಿದವಳು ಕೊಂಡಮ್ಮನೇ. ಆಮೇಲೆ ಊರೂ ಒಪ್ಪಿತು. ಒಪ್ಪುವವರೆಗೆ ಅವಳು ಬಿಡಬೇಕಲ್ಲ. ಅವಳ ಹುಳದ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ, ಒಳಗಿದ್ದವರು ಸೀನುವಂತಿಲ್ಲ. ಗಂಡ ವೆಂಕಟರವಣಪ್ಪ ಬೀಡಿ ಹಚ್ಚಬೇಕೆಂದರೆ ಹುಣಸೆಮರದಾಚೆಗೆ ನಡೆಯಬೇಕು. ದೇವರ ಕೋಣೆಗೂ ಇಷ್ಟು ಮಡಿ ಇರಲಿಲ್ಲ; ದೇವರೇನು ಗೂಡು ಕಟ್ಟುತ್ತಾನೆಯೇ?

ಅರವತ್ತೆರಡನೇ ಇಸವಿಯ ಮಳೆಗಾಲದಲ್ಲಿ ವೆಂಕಟರವಣಪ್ಪ ಬ್ಲಾಕ್ ಆಫೀಸಿನಿಂದ ಒಂದು ಬುಟ್ಟಿ ಪರದೇಶದ ತಳಿಯ ಸೀಮೆಕೋಳಿ ಮರಿ ತಂದ.

"ನಿನ್ನ ಕೈಲಿ ಆಗ್ತದೇನೇ?"

ಅಷ್ಟು ಸಾಕಾಯಿತು. "ಇವನ್ನ ಉಳಿಸ್ಕೊಳ್ಳದೆ ಹೋದ್ರೆ ನನ್ನನ್ನ ಹುಳದ ಕೊಂಡಮ್ಮ ಅನ್ನಬೇಡಿ!" ಎಂದು ಬೀದಿಗೆಲ್ಲ ಕೇಳುವಂತೆ ಸಾರಿದಳು.

ಬೆಳೆ ಮುಗಿದು ಖಾಲಿಯಿದ್ದ ಹುಳದ ಮನೆಯಲ್ಲೇ ಮರಿಗಳನ್ನು ಬಿಟ್ಟು, ಕಡಲೆಕಾಯಿ ಸಿಪ್ಪೆ ಹಾಸಿದಳು. ಎಳೆಹುಳಕ್ಕೆ ತಂಪು ಬೇಕು, ಎಳೆಮರಿಗೆ ಬೇಡವೇ? ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ಸಿಪ್ಪೆಯ ಹಾಸಿಗೆಗೂ ನೀರು ಚಿಮುಕಿಸಿದಳು.

ಕೆಲವೇ ದಿನಗಳಲ್ಲಿ ಮರಿಗಳು ನುಚ್ಚು ಮುಟ್ಟುವುದನ್ನು ಬಿಟ್ಟು, ಕತ್ತು ಮೇಲೆತ್ತಿ, ಕೊಕ್ಕು ತೆರೆದು ಸದ್ದಿಲ್ಲದೆ ನಿಂತವು. ರೇಷ್ಮೆಹುಳ ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು, ತಲೆಯೆತ್ತಿ ಅಲುಗದೆ ಕೂರುತ್ತದೆ. ಈ ಸೀಮೆಯಲ್ಲಿ ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಅದನ್ನು ಯಾರೂ ಮುಟ್ಟಬಾರದು.

ಕೊಂಡಮ್ಮನ ಮುಖ ಅರಳಿತು. "ಜ್ವರಕ್ಕೆ ಕೂತವೆ! ಎದ್ದಮೇಲೆ ಹೆಂಗೆ ತಿಂತಾವೆ ನೋಡಿ."

"ಕೋಳೀನೂ ಪೊರೆ ಬಿಡ್ತಾವೇನೇ?"

"ಸುಮ್ಕಿರಿ. ಸೀಮೆಕೋಳಿ ವಿಷಯ ನಿಮಗೇನು ಗೊತ್ತು?"

ಬೆಳಗಾಗುವಷ್ಟರಲ್ಲಿ ಕೆಲವು ಏಳಲೇ ಇಲ್ಲ. ಸುದ್ದಿ ಕೇಳಿ ಪಕ್ಕದ ಮನೆಯ ಅಮ್ಮಾಜಮ್ಮ ಬಂದಳು. ಅವಳ ಹುಳ ಪ್ರತಿ ಬೆಳೆಯಲ್ಲೂ ಕೆಡುತ್ತದೆಂದು ಕೊಂಡಮ್ಮ ಅವಳನ್ನು ಹೊಸಿಲು ದಾಟಿಸಿದವಳಲ್ಲ. ಈಗ ಸಮಾಧಾನದ ನೆಪ ಸಿಕ್ಕಿತ್ತು. ಒಳಗೆ ಕಾಲಿಟ್ಟವಳೇ ಗೋಡೆ ಅದುರುವಂತೆ ಸೀನಿದಳು. ಬಗ್ಗಿ ಒಂದು ಹಿಡಿ ಸಿಪ್ಪೆ ಎತ್ತಿದರೆ, ಅಡಿಯೆಲ್ಲ ಹಸಿರುಗಪ್ಪು. ಹೊಗೆಯಂತೆ ಪುಡಿ ಎದ್ದಿತು.

"ಇದು ಜ್ವರ ಅಲ್ಲ ಕಣಕ್ಕ, ಬೂಷ್ಟು. ನಮ್ಮ ಕಡ್ಲೆಕಾಯಿ ಮೂಟೆ ಬೂಷ್ಟು ಹಿಡಿದಾಗ, ಬಿಚ್ಚಕ್ಕೆ ಹೋದ ನಮ್ಮತ್ತೆ ಉಸಿರು ಸಿಗದೆ ಒದ್ದಾಡಿಬಿಟ್ರು. ಆ ಬೆಟ್ಟದಂಥ ಮುದುಕೀನೇ ಹಂಗಾದ್ರೆ ಇವು ತಡೀತಾವಾ?"

ಕೊಂಡಮ್ಮ ಬಾಯಿಗೆ ಬಂದದ್ದನ್ನು ಅನ್ನಬೇಕೆಂದಿದ್ದಳು. ಅಷ್ಟರಲ್ಲಿ ಅವಳು ಎತ್ತಿಕೊಂಡಿದ್ದ ಮರಿ ಅಂಗೈಯಲ್ಲಿ ಕತ್ತು ಚಾಚಿತು. ಹತ್ತಿಯುಂಡೆಯಷ್ಟು ಹಗುರ, ಒಳಗಿನ ಒಂದೊಂದು ಉಸಿರೂ ಅವಳ ಬೆರಳಿಗೆ ಬಡಿಯುತ್ತಿತ್ತು. ಮರಿಯನ್ನು ಬುಟ್ಟಿಗೆ ಬಿಟ್ಟು ಕಿಟಕಿಗೆ ಹೋದಳು.

ಗೋಣಿ ಕಿತ್ತಳು. ಹಾಸಿಗೆಯನ್ನೆಲ್ಲ ತಿಪ್ಪೆಯಾಚೆ ಸುಟ್ಟು, ನೆಲ ತೊಳೆದು ಒಣಗಿಸಿದಳು. ಹೊಸ ಸಿಪ್ಪೆಯನ್ನು ಮಳೆ ಬಿಟ್ಟಾಗಿನ ಬಿಸಿಲಿಗೆ ಹರಡಿ, ಧೂಳು ಕೇರಿ ಹಾಸಿದಳು. ನೀರಿನ ತಟ್ಟೆ ಇಟ್ಟಿಗೆಯ ಮೇಲೇರಿತು. ಎಲ್ಲಾದರೂ ಒದ್ದೆಯಾದರೆ ಅಷ್ಟನ್ನು ಆಗಲೇ ಬಾಚಿ ತೆಗೆದಳು. ಅದಾಗಲೇ ಏದುಸಿರು ಬಿಡುತ್ತಿದ್ದ ಮರಿಗಳು ಉಳಿಯಲಿಲ್ಲ, ಅದಕ್ಕೆ ಮದ್ದಿರಲಿಲ್ಲ. ಮಿಕ್ಕವು ಬೆಳೆದು ಊರಿನ ಮೆಣಸಿನಸಸಿಗಳನ್ನೆಲ್ಲ ತಿಂದವು.

ಅವಳ ಹೆಸರು ಉಳಿಯಿತೋ ಇಲ್ಲವೋ ಎಂದು ಊರು ಇನ್ನೂ ವಾದಿಸುತ್ತಿತ್ತು. ಕೊಂಡಮ್ಮನಿಗೆ ಪುರುಸೊತ್ತಿರಲಿಲ್ಲ. ಹೊಸ ಮರಿ ಬರುವ ದಿನ ಹಾಸಿಗೆ ಹರಡಿ, ಬಾಗಿಲಿಗೆ ಬಂದು ಪಕ್ಕದ ಮನೆಗೆ ಕೂಗುತ್ತಿದ್ದಳು:

"ಬಾರೇ ಅಮ್ಮಾಜಿ, ಒಳಗೆ ಬಾ. ಸೀನು ಬರ್ತದಾ ನೋಡು!"