ಬಂಡೆಯ ಮೇಲೆ ಬಿಟ್ಟ ಚಪ್ಪಲಿಗಳು

ಇದನ್ನು ಬರೆಯಲು ಕುಳಿತಾಗಲೆಲ್ಲ ನನಗೆ ಏನಾದರೊಂದು ತುರ್ತು ಕೆಲಸ ನೆನಪಾಗಿದೆ. ಒಮ್ಮೆ ನಲ್ಲಿಯ ವಾಷರ್ ಬದಲಿಸಿದೆ, ಇನ್ನೊಮ್ಮೆ ಸದ್ದೇ ಮಾಡದ ಬಾಗಿಲಿಗೆ ಎಣ್ಣೆ ಬಿಟ್ಟೆ. ಈಗ ಮನೆಯಲ್ಲಿ ರಿಪೇರಿಗೆ ಏನೂ ಉಳಿದಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಎಸ್ಸೆಸ್ಸೆಲ್ಸಿ ಮುಗಿಸಿದ್ದ ನಾನು ಇಂಜಿನಿಯರ್ ಅಣ್ಣನ ಬೆನ್ನು ಹಿಡಿದು ಅಮೆರಿಕಕ್ಕೆ ಬಂದು, ಕಲ್ವರ್ ಸಿಟಿಯಲ್ಲಿ ಸಿನಿಮಾ ಸೆಟ್ಟುಗಳಿಗೆ ಹಲಗೆ ಕೊಯ್ಯುತ್ತಿದ್ದೆ. ಅಣ್ಣ, ಅತ್ತಿಗೆ ಅಲ್ಲಿಂದ ಎರಡು ಗಂಟೆ ದಾರಿಯ ಸ್ಯಾನ್ ಡಿಯೇಗೊದ ಮೀರಾ ಮೆಸಾದಲ್ಲಿದ್ದರು; ರಜೆ ಸಿಕ್ಕಾಗಲೆಲ್ಲ ನಾನು ಅವರ ಮನೆಯಲ್ಲೇ. ಅತ್ತಿಗೆ ಧಾರವಾಡದವರು. ಸುತ್ತಲಿನ ಕನ್ನಡದ ಮನೆಗಳೆಲ್ಲ ಬೆಂಗಳೂರು, ಮೈಸೂರಿನವು. ಅತ್ತಿಗೆ ಬಾಯಿ ತೆರೆದರೆ ಹೆಂಗಸರು ಸೆರಗಿನೊಳಗೆ ನಗುತ್ತಿದ್ದರು. ಯಾವ ಕೂಟವಾದರೂ ಅವರಿಗೆ ಸಿಗುತ್ತಿದ್ದ ಕೆಲಸ ಒಂದೇ, ರೊಟ್ಟಿ ತಟ್ಟುವುದು. ಮಿಕ್ಕದ್ದನ್ನೆಲ್ಲ ನಡೆಸುತ್ತಿದ್ದವರು ಒಬ್ಬ ಡಾಕ್ಟರ ಹೆಂಡತಿ. ನಮ್ಮೆಲ್ಲರಿಗೂ ಅವರು ಡಾಕ್ಟರಮ್ಮ.

ಅತ್ತಿಗೆಗೆ ಒಂದೇ ಆಸೆ. ದೀಪಾವಳಿಗೆ ತಮ್ಮ ಕಡೆಯ ಜನಪದ ನಾಟಕ ಸಣ್ಣಾಟ ಆಡಿಸಬೇಕು, ಆ ಜನ ಒಂದು ಸಂಜೆ ಧಾರವಾಡದ ಮಾತನ್ನು ಕೇಳಿ ಚಪ್ಪಾಳೆ ಹೊಡೆಯಬೇಕು. ಡಾಕ್ಟರಮ್ಮ ಷರತ್ತು ಹಾಕಿದರು. "ಮೊದ್ಲು ವಸಂತದಲ್ಲಿ ಒಂದು ಪಿಕ್ನಿಕ್ ನಡ್ಸಿ ತೋರ್ಸಿ. ಅದು ಚೆನ್ನಾಗಾದ್ರೆ ದೀಪಾವಳಿ ನಿಮಗೇ ಬಿಡ್ತೀವಿ."

ಅತ್ತಿಗೆ ಕಡಲ ದಂಡೆಯ ಸ್ಟೇಟ್ ಪಾರ್ಕನ್ನು ಆರಿಸಿದರು. ಕೆಳಗೆ ಕಾರು ನಿಲ್ಲಿಸಿ, ಗುಡ್ಡ ಹತ್ತಿ, ದಂಡೆಗಿಳಿದು ಒಂದು ಸುತ್ತು ಹಾಕಿ ಬರುವ ಸುಲಭದ ಹಾದಿ ಇದೆಯೆಂದು ಯಾರೋ ಹೇಳಿದ್ದರು. ದಂಡೆಯಲ್ಲಿ ಸಮುದ್ರರಾಜನಿಗೆ ಅರಿಶಿನ, ಕುಂಕುಮ, ತೆಂಗಿನಕಾಯಿ; ಆಮೇಲೆ ಊಟ. ಹಾದಿಯನ್ನು ಮೊದಲೇ ನಡೆದು ನೋಡಿಬರಲು ನನ್ನನ್ನು ಕಳಿಸಿದರು.

ನಾನು ಹೋದೆ. ಪಾರ್ಕಿನ ಗೇಟಿನವರೆಗೆ ಹೋದೆ. ಅದರ ಎದುರಿಗೇ ಕರಿದ ಮೀನಿನ ಅಂಗಡಿಯೊಂದಿತ್ತು. ಈರುಳ್ಳಿಯನ್ನೇ ಅನುಮಾನದಿಂದ ನೋಡುವ ಮನೆಯಲ್ಲಿ ಹುಟ್ಟಿದ ನಾನು ಅಲ್ಲಿಂದ ಮುಂದೆ ಹೆಜ್ಜೆ ಇಡಲಿಲ್ಲ. ತಿಂದೆ, ಮತ್ತೆ ತಿಂದೆ, ಕಾರಿನಲ್ಲಿ ಕಾಲು ಚಾಚಿ ಮಲಗಿದೆ.

ಸಂಜೆ ಅತ್ತಿಗೆ ಬಾಗಿಲಲ್ಲೇ ಮೂಗು ಮೇಲೆತ್ತಿದರು. "ಏನಪಾ, ಸಮುದ್ರದ ವಾಸನಿ ಹೊಡೀಲಿಕ್ಕತ್ತದಲ್ಲ?"

"ಬಹಳ ಹತ್ತಿರ ಹೋಗಿದ್ದೆ, ಅತ್ತಿಗೆ."

"ಹಾದಿ ಹೆಂಗದ? ವಯಸ್ಸಾದವ್ರು ನಡೀತಾರೇನು?"

"ಮದುವೆ ಮಂಟಪದ ಹಾಗಿದೆ."

"ಪೂಜಾ ಮಾಡೋವಾಗ ಚಪ್ಪಲಿ ಎಲ್ಲಿ ಬಿಡೋದು?"

ನನ್ನ ತಲೆಯಲ್ಲಿ ಸುತ್ತು ಎಂದರೆ ದೇವಸ್ಥಾನದ ಪ್ರದಕ್ಷಿಣೆ. "ಮೆಟ್ಟಿಲಿಳಿದ ಕೂಡಲೇ ದೊಡ್ಡ ಬಂಡೆ ಇದೆ, ಅಲ್ಲೇ ಬಿಡಿ. ದಂಡೆಯ ಮೇಲೆ ಸುತ್ತು ಹಾಕಿ ಅಲ್ಲಿಗೇ ಬರ್ತೀವಿ."

ಆ ಶನಿವಾರ ಎಲ್ಲರೂ ಬಂದರು. ನಾನೇ ಮುಂದಾಳು. ಗುಡ್ಡ ಹತ್ತಿ ಮೆಟ್ಟಿಲಿಳಿದರೆ, ನನ್ನ ಪುಣ್ಯವೋ ಪಾಪವೋ, ನಿಜಕ್ಕೂ ಒಂದು ದೊಡ್ಡ ಬಂಡೆ! "ಚಪ್ಪಲಿ ಇಲ್ಲೇ ಬಿಡ್ರಿ, ತಿರುಗಿ ಇಲ್ಲಿಗೇ ಬರ್ತೀವಿ" ಎಂದರು ಅತ್ತಿಗೆ. ಬೂಟು, ಚಪ್ಪಲಿ, ಡಾಕ್ಟರರ ಹೊಸ ಇಟಾಲಿಯನ್ ಷೂ, ಎಲ್ಲವೂ ಅದರ ಮೇಲೆ ಸಾಲಾಗಿ ಕುಳಿತವು. ಪೂಜೆಯಾಯಿತು, ಊಟವಾಯಿತು. ಅತ್ತಿಗೆಯ ರೊಟ್ಟಿ, ಶೇಂಗಾ ಚಟ್ನಿಗೆ ಡಾಕ್ಟರಮ್ಮನೇ ಎರಡನೇ ಸಲ ಕೈಚಾಚಿದರು. "ದೀಪಾವಳಿಗೆ ನಿಮ್ಮ ನಾಟಕದಲ್ಲಿ ನನಗೂ ಒಂದು ಪಾರ್ಟ್ ಇಟ್ಟಿರಿ" ಎಂದರು. ಅತ್ತಿಗೆಯ ಮುಖ ನೋಡಬೇಕಿತ್ತು.

ಬರಿಗಾಲಲ್ಲಿ ದಂಡೆಯ ಮೇಲೆ ಹೊರಟೆವು. ಒಂದು ಕಡೆ ಕಡಲು, ಇನ್ನೊಂದು ಕಡೆ ಗೋಡೆಯಂತಹ ಗುಡ್ಡ. ಹಾದಿ ಎಲ್ಲಿ ತಿರುಗುತ್ತದೆಂದು ನಾನು ನೋಡುತ್ತಲೇ ಇದ್ದೆ. ಅದು ತಿರುಗಲಿಲ್ಲ. ಕೊನೆಗೆ ಎದುರಿಗೆ ಕಂಡದ್ದು ಆ ಬಂಡೆಯಲ್ಲ, ಬೆಳಿಗ್ಗೆ ಗುಡ್ಡದ ಕೆಳಗೆ ನಿಲ್ಲಿಸಿದ್ದ ನಮ್ಮ ಕಾರುಗಳು.

"ಅರೆ, ಬಂದೇಬಿಟ್ವಲ್ಲ!" ಎಂದು ಡಾಕ್ಟರು ಖುಷಿಯಿಂದ ಟಾರಿನ ಮೇಲೆ ಕಾಲಿಟ್ಟು ಕುಣಿದರು. ಕುಣಿದದ್ದು ಖುಷಿಗಲ್ಲ, ಬಿಸಿಗೆ. ಆಗಲೇ ಎಲ್ಲರೂ ತಮ್ಮ ತಮ್ಮ ಪಾದ ನೋಡಿಕೊಂಡದ್ದು.

ತಿರುಗಿ ನೋಡಿದರೆ ಉಬ್ಬರ ಏರಿ ನೀರು ಗುಡ್ಡಕ್ಕೆ ಬಡಿಯುತ್ತಿತ್ತು. ದಂಡೆಯೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಡಾಕ್ಟರರ ಬಲಗಾಲಿನ ಷೂ ಒಂದೇ ತೇಲುತ್ತ ಬಂತು, ತೆಂಗಿನ ಹೋಳಿನ ಜೊತೆಗೆ. ನನಗೆ ನಗು ಉಕ್ಕಿತು. ಕೆಮ್ಮಿದಂತೆ ಮಾಡಿದೆ.

"ಅಲ್ಲಿಗೇ ವಾಪಸ್ ಬರ್ತೀವಿ ಅಂತ ನಿಮಗೆ ಹೇಳಿದ್ದು ಯಾರ್ರೀ?" ಡಾಕ್ಟರಮ್ಮ ಕೇಳಿದರು.

ಅತ್ತಿಗೆ ನನ್ನನ್ನು ನೋಡಿದರು. ನಾನು ಬಾಯಿ ತೆರೆಯಲೆಂದು ಕಾದರು. ನಾನು ಬಗ್ಗಿ, ಆ ಒಂಟಿ ಷೂವಿನಿಂದ ನೀರು ಬಸಿಯತೊಡಗಿದೆ, ಲೋಕದಲ್ಲಿ ಅದಕ್ಕಿಂತ ಮುಖ್ಯ ಕೆಲಸವೇ ಇಲ್ಲವೆಂಬಂತೆ.

"ನಂದ ತಪ್ಪರೀ," ಎಂದರು ಅತ್ತಿಗೆ. "ನಾನ ಸರಿಯಾಗಿ ತಿಳ್ಕೊಳ್ಳಿಲ್ಲ."

ದೀಪಾವಳಿಗೆ ಬೆಂಗಳೂರಿನ ಹಾಸ್ಯನಾಟಕವಾಯಿತು. ಅದರ ಸೆಟ್ಟಿಗೆ ಹಲಗೆ ಕೊಯ್ದವನು ನಾನೇ. ಅತ್ತಿಗೆ ಒಳಗೆ ರೊಟ್ಟಿ ತಟ್ಟುತ್ತಿದ್ದರು. ಸಣ್ಣಾಟದ ಮಾತನ್ನು ಮತ್ತೆ ಅವರೂ ಎತ್ತಲಿಲ್ಲ, ಬೇರೆ ಯಾರೂ ಎತ್ತಲಿಲ್ಲ.

ಈಗಲೂ ಅವರ ಮನೆಗೆ ಹೋಗಿ ಬಾಗಿಲಲ್ಲಿ ಷೂ ಬಿಚ್ಚಿದರೆ ಒಳಗಿನಿಂದ ದನಿ ಬರುತ್ತದೆ. "ಅಲ್ಲೇ ಬಿಡಪಾ. ಸುತ್ತು ಹಾಕಿ ಅಲ್ಲಿಗೇ ಬರ್ತೀಯಲ್ಲ?" ಇಬ್ಬರೂ ನಗುತ್ತೇವೆ. ಆ ನಗು ಮುಗಿಯುವ ಹೊತ್ತಿಗೆ, ಆ ಹಾದಿಯನ್ನು ನಾನು ನಡೆದು ನೋಡಿಯೇ ಇರಲಿಲ್ಲ ಎಂದು ಹೇಳಿಬಿಡಬೇಕೆಂದುಕೊಳ್ಳುತ್ತೇನೆ, ಅಷ್ಟರಲ್ಲಿ ಚಹಾ ಬಂದಿರುತ್ತದೆ. ಮೀನು ತಿಂದದ್ದಕ್ಕೆ ದೇವರಲ್ಲಿ ಕ್ಷಮೆ ಕೇಳಿದ್ದೇನೆ. ಷೂ ಹೋದದ್ದಕ್ಕೆ ಡಾಕ್ಟರಲ್ಲೂ ಕೇಳಿದ್ದೇನೆ, ಅವರ ಕಿವಿ ಮಂದವಾದ ಮೇಲೆ. ನಾನು ಕ್ಷಮೆ ಕೇಳದೆ ಉಳಿದವರು ಒಬ್ಬರೇ, ನನ್ನ ಅತ್ತಿಗೆ.