ಕಿತ್ತ ಬಳ್ಳಿಗೆ ಮತ್ತೆ ಕಸಿ

ಗ್ರೇವೆ ಊರಿನ ಮೇಲಣ ದ್ರಾಕ್ಷಿತೋಟದಲ್ಲಿ ನೆವಿಯಾ ಬಾರ್ತಲೂಚಿ ಹದಿನಾಲ್ಕಕ್ಕೇ ಅಪ್ಪನ ಜೊತೆ ಬಳ್ಳಿ ಸವರಲು ನಿಂತವಳು. ಅಲ್ಲಿಯ ಹಳೆಯ ತಳಿ ಸಾಂಜೊವೇಸೆ ದ್ರಾಕ್ಷಿ ಯಾವ ಸಾಲಿನಲ್ಲಿ ಬೇಗ ಹಣ್ಣಾಗುತ್ತದೆ, ಯಾವುದಕ್ಕೆ ನಾಲ್ಕು ದಿನ ಕಾಯಬೇಕು ಎಂದು ಅವಳನ್ನು ಕೇಳಬೇಕಿತ್ತು.

ಕೇಳಲಿಲ್ಲ. ತೊಂಬತ್ತೆರಡರ ಚಳಿಗಾಲದಲ್ಲಿ ತೋಟದ ಧಣಿ ಊಗೊ, ಪಟ್ಟಣದ ವೈನ್ ಪಂಡಿತನೊಬ್ಬನ ಮಾತು ಕಟ್ಟಿಕೊಂಡು ತೆಂಕಣ ಇಳಿಜಾರಿನ ಬಳ್ಳಿಗಳನ್ನೆಲ್ಲ ಬುಡಸಮೇತ ಕೀಳಿಸಿದ. ಅಲ್ಲಿಗೆ ಫ್ರಾನ್ಸಿನ ಮೆರ್ಲೋ ತಳಿ ಬಂತು. ನೆಲಮಾಳಿಗೆಯ ಆಳೆತ್ತರದ ಪೀಪಾಯಿಗಳು ಹೋಗಿ ಹೊಸ ಓಕ್ ಮರದ ಪುಟ್ಟ ಪೀಪಾಯಿಗಳು ಕೂತವು.

"ಧಣೀ, ಆ ಬಿಸಿಲಿಗೆ ಮೆರ್ಲೋ ತಡೆಯಲ್ಲ. ಆಗಸ್ಟಲ್ಲೇ ಬೆಂದು ಜಾಮ್ ಆಗುತ್ತೆ," ಅಂದಳು ನೆವಿಯಾ.

"ನೀನು ನಿನ್ನ ಕತ್ತರಿ ನೋಡ್ಕೊ," ಅಂದ ಪಂಡಿತ.

ಮರುವಾರವೇ ಅವಳನ್ನು ತೋಟದಿಂದ ತೆಗೆದು ಸೀಸೆಗಳಿಗೆ ಚೀಟಿ ಅಂಟಿಸಲು ಹಾಕಿದರು. ಮುಂದೆ ಮೆರ್ಲೋ ವೈನಿಗೆ ಪದಕಗಳು ಬಂದವು. ಅವಳು ಒಂದು ಗುಟುಕು ಕುಡಿದು, ಮರ ನೆಕ್ಕಿದ ಹಾಗಿದೆ ಎಂದು ಉಗಿದಳು.

ವರ್ಷಗಳು ಕಳೆದು ಊಗೊ ತೀರಿಕೊಂಡ. ಬೇಸಿಗೆಗಳು ಸುಡತೊಡಗಿದವು, ಮೆರ್ಲೋ ಅವಳು ಹೇಳಿದಂತೆಯೇ ಬೆಂದಿತು. ಕೆಲಸದಿಂದ ನಿವೃತ್ತಳಾಗಿದ್ದ ನೆವಿಯಾಳ ಅಡುಗೆಮನೆಗೆ ಒಂದು ಮಧ್ಯಾಹ್ನ ಊಗೊನ ಮಗಳು ಕೊಸ್ತಾಂಜಾ ಬಂದಳು.

"ನೆವಿಯಾ, ಮತ್ತೆ ಸಾಂಜೊವೇಸೆಗೇ ಹೋಗ್ತಿದೀವಿ, ದೊಡ್ಡ ಪೀಪಾಯಿಗೂ. ಮೆರ್ಲೋ ಕೀಳದೆ ಅದರ ಬುಡಕ್ಕೇ ಸಾಂಜೊವೇಸೆ ಕಸಿ ಕಟ್ಟಬೇಕು. ನಿಮ್ಮಂಥ ಕೈ ಬೇರೆ ಯಾರಿಗೂ ಇಲ್ಲ."

ಜೊತೆಗೊಂದು ಪ್ರಚಾರದ ಬಣ್ಣದ ಹಾಳೆ ಕೊಟ್ಟಳು. "ನಮ್ಮ ಮನೆತನ ಎಂದೂ ಬಿಡದ ಹಳೆಯ ಹಾದಿ" ಎಂದಿತ್ತು. ನೆವಿಯಾ ಬ್ರೆಡ್ಡು ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟಳು.

"ಎಂದೂ ಬಿಡದ? ನಿಮ್ಮಪ್ಪ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆಸಿದ ದಿನ ನಮ್ಮಪ್ಪ ಊಟ ಮುಟ್ಟಲಿಲ್ಲ. ಅಪ್ಪನೇ ನೆಟ್ಟ ಬಳ್ಳಿ ಅವು."

"ಬರೆದಿದ್ದು ನಾನಲ್ಲ, ಮಾರಾಟದವರು."

"ಓದಿ ಒಪ್ಪಿದವಳು ನೀನು ತಾನೆ?"

ಕೊಸ್ತಾಂಜಾ ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಕಟ್ತೀನಿ. ಬಳ್ಳಿ ಮೇಲೆ ನಂಗೆ ಸಿಟ್ಟಿಲ್ಲ. ಈ ಸುಳ್ಳು ಮಾತ್ರ ನನ್ನ ಕಣ್ಣಿಗೆ ಬೀಳಬಾರದು."

ಮೇ ತಿಂಗಳಿಡೀ ಸೊಂಟ ಬಗ್ಗಿಸಿ ಕಸಿ ಕಟ್ಟಿದಳು. ಹತ್ತಕ್ಕೆ ಒಂಬತ್ತು ಚಿಗುರಿದವು. ಹಾಳೆಯಿಂದ "ಎಂದೂ" ಎಂಬ ಪದವಷ್ಟೇ ಹೋಯಿತು.

ಐದು ವರ್ಷದ ಮೇಲೆ ಆ ಕಸಿಬಳ್ಳಿಗಳ ವೈನ್ ತೆರೆದರು. ತಲೆ ನೆರೆತಿದ್ದ ಅದೇ ಪಂಡಿತ ಅತಿಥಿಗಳೆದುರು, "ಈ ಮಣ್ಣು ಸಾಂಜೊವೇಸೆಯದ್ದೇ ಅಂತ ನಂಗೆ ಮೊದಲಿಂದಲೂ ಅನಿಸ್ತಿತ್ತು," ಅಂದ.

"ಹಾಗಿದ್ರೆ ಅವತ್ತು ಬಾಯಿಗೇನಾಗಿತ್ತು?" ಅಂದಳು ನೆವಿಯಾ.

ಅವಳು ಲೋಟ ಖಾಲಿ ಮಾಡಿ ಮನೆಗೆ ನಡೆದಳು. ವೈನ್ ಚೆನ್ನಾಗಿತ್ತು. ಅಪ್ಪ ಇದನ್ನು ಕುಡಿಯದೇ ಸತ್ತನಲ್ಲ ಎಂದು ದಾರಿಯುದ್ದಕ್ಕೂ ತನ್ನಷ್ಟಕ್ಕೇ ಗೊಣಗಿಕೊಂಡಳು.